ಜೂಮ್ ಅರ್ಧಕ್ಕೆ ನಿಂತಾಗ

ಕ್ಯಾಮೆರಾದ ಲೆನ್ಸು ಅರ್ಧ ಹೊರಬಂದು ಕರಕ್ಕೆಂದು ನಿಂತಿತು. ಈ ಹಳೆಯ ಕ್ಯಾಮೆರಾ ಕೊಳ್ಳುವ ಮೊದಲು ಜೂಮ್ ನೋಡುತ್ತೇನೆಂದು ಗುಂಡಿ ಒತ್ತಿದವಳು ಶ್ರಾವ್ಯಳೇ. ನೆಮ್ಮಾರಿನಲ್ಲಿ ಅವಳ ಮನೆಯೆದುರು, ತುಂಗೆಯಾಚೆಯ ಮರದಲ್ಲಿ ಮಂಗಟ್ಟೆ ಹಕ್ಕಿ ಗೂಡು ಮಾಡಿತ್ತು. ಅಷ್ಟು ದೂರ ಫೋನಿಗೆ ಎಟುಕುತ್ತಿರಲಿಲ್ಲ. ಹೊಸ ಕ್ಯಾಮೆರಾ ಅವಳ ಕೈಗೆಟುಕುತ್ತಿರಲಿಲ್ಲ.

“ನಾನೇ ಹಾಳು ಮಾಡ್ಬಿಟ್ನಾ ಟೀಚರ್?”

ಕ್ಯಾಮೆರಾದೊಡತಿ, ನಿವೃತ್ತ ಟೀಚರ್ ಅಂಬುಜಾಕ್ಷಿ, ಸೆರಗಿನ ಪಿನ್ನು ಬಿಚ್ಚಿ ಲೆನ್ಸಿನ ಸಂದಿಯಲ್ಲಿ ಮೆಲ್ಲಗೆ ಮೀಟಿದರು. ಬಿಳಿಯದೊಂದು ಚೂರು ಅಂಗೈಗೆ ಬಿತ್ತು. ಗಾಜೇ ಒಡೆಯಿತೆಂದು ಶ್ರಾವ್ಯ ಕಣ್ಣು ಮುಚ್ಚಿಕೊಂಡಳು.

“ಅಕ್ಕಿಕಾಳು ಮಾರಾಯ್ತಿ! ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯತ್ತೆ ಅಂತ ಪ್ರತಿ ವರ್ಷ ಅಕ್ಕಿ ಡಬ್ಬೀಲಿ ಹುಗಿದಿಡ್ತಿದ್ದೆ.”

ಮತ್ತೆ ಗುಂಡಿ ಒತ್ತಿದರೆ ಲೆನ್ಸು ಸರ್ರನೆ ಪೂರ್ತಿ ಚಾಚಿತು. ಟೀಚರ ಅಂಗಳದಾಚೆ ದೂರದ ತಂತಿಯ ಮೇಲೆ ಕೂತಿದ್ದ ಮಿಂಚುಳ್ಳಿ ಪರದೆಯ ತುಂಬ ಬಂದು ಕೂತಿತು. ಅದರ ಕೊಕ್ಕಿನಲ್ಲಿದ್ದ ಮೀನಿನ ಕಣ್ಣೂ ಕಂಡಿತು. ಬೂಷ್ಟಿನ ಒಂದು ಚುಕ್ಕೆಯೂ ಇಲ್ಲ. ಶ್ರಾವ್ಯ ನಕ್ಕು ಹಣ ಎಣಿಸಿಕೊಟ್ಟಳು.

“ಚಾರ್ಜರ್ ಮರೀಬೇಡ,” ಎಂದರು ಟೀಚರ್.

“ಅಕ್ಕಿ ಡಬ್ಬೀನೂ ಕೊಡಿ ಟೀಚರ್.”

“ಅದನ್ನೂ ಕೊಟ್ರೆ ನಾನು ಉಣ್ಣೋದೆಂತ?”