ಒಣ ಕಡ್ಡಿಗೆ ನೀರು

ರಾಸ್ಪ್‌ಬೆರಿಯಲ್ಲಿ ಹಣ್ಣು ಬಿಟ್ಟ ಕಡ್ಡಿ ಆಮೇಲೆ ಒಣಗಿಹೋಗುತ್ತದೆ. ಅಂಥವನ್ನು ಇವಳು ಬುಡಕ್ಕೇ ಕತ್ತರಿಸಿ ಗುಡ್ಡೆ ಹಾಕುತ್ತಿದ್ದಾಗ, ಪಕ್ಕದ ಮನೆಗೆ ಹೊಸದಾಗಿ ಬಂದಾಕೆ ಕಾಂಪೌಂಡ್ ಮೇಲಿಂದ ಇಣುಕಿದಳು.

"ಅಕ್ಕಾ, ನೆಡೋಕೆ ನಂಗೂ ಒಂದೆರಡು ಕಡ್ಡಿ ಕೊಡ್ತೀರಾ?"

ಇಡೀ ಬೀದಿಯಲ್ಲಿ ಈ ಗಿಡ ಇದ್ದದ್ದು ಇವಳ ಹಿತ್ತಲಲ್ಲಿ ಮಾತ್ರ. ಅದು ಹಾಗೇ ಇರಲಿ ಎಂದು ಇವಳಿಗೆ ಆಸೆ. ಗುಡ್ಡೆಯಿಂದಲೇ ನಾಲ್ಕು ಒಣ ಕಡ್ಡಿ ಎತ್ತಿ ಕೊಟ್ಟಳು.

"ದಿನಾ ನೀರು ಹಾಕಮ್ಮ, ಚಿಗುರುತ್ತೆ."

ಮಾರನೇ ದಿನದಿಂದ ಆಕೆ ಬೆಳಗಾದರೆ ಚೆಂಬು ಹಿಡಿದು ಆ ಕಡ್ಡಿಗಳ ಬುಡದಲ್ಲಿ ಕೂರತೊಡಗಿದಳು. ಅಡುಗೆಮನೆ ಕಿಟಕಿಯಿಂದ ನೋಡಿ ಇವಳಿಗೆ ಮೊದಲು ನಗು ಬಂತು. ವಾರ ಕಳೆಯುವಷ್ಟರಲ್ಲಿ ಅದನ್ನು ನೋಡಲಾಗದಾಯಿತು. ನಿಜ ಹೇಳಲು ಬಾಯಿ ಬರಲಿಲ್ಲ. ಕಿಟಕಿಯನ್ನೇ ಮುಚ್ಚಿದಳು, ಹಿತ್ತಲಿಗೆ ಹೋಗುವುದನ್ನೂ ಬಿಟ್ಟಳು.

ಎರಡು ತಿಂಗಳಾದ ಮೇಲೆ ಯಾರೋ ಬಾಗಿಲು ತಟ್ಟಿದರು. ತೆರೆದರೆ ಆಕೆ, ಸೆರಗಿನ ತುಂಬ ಎಳೆ ಬೀನ್ಸ್.

"ಮೊದಲ ಕೊಯ್ಲು ನಿಮಗೇ ಅಕ್ಕಾ."

"ನಂಗ್ಯಾಕಮ್ಮ?"

"ಕಡ್ಡಿ ಸತ್ತಿದೆ ಅಂತ ಕೈಗೆ ತಗೊಂಡಾಗ್ಲೇ ಗೊತ್ತಾಯ್ತು. ನೀವು ಕೊಟ್ಟಿದ್ದಲ್ವಾ, ಎಸೆಯೋಕೆ ಮನಸ್ಸಾಗ್ಲಿಲ್ಲ. ಬುಡಕ್ಕೆ ಬೀನ್ಸ್ ಬೀಜ ಹಾಕಿ ಬಳ್ಳಿ ಹಬ್ಬಿಸಿದೆ."