ಮೋಕ್ಷಾಳ ಸಪ್ಪೊರೊ

"ಪಪ್ಪಾ, ಮೆಲ್ಟ್ ಆಗ್ತಾ ಉಂಟು! ಬೇಗ ಹೋಗಿ!"

ಹಿಂದಿನ ಸೀಟಿನಲ್ಲಿ ಥರ್ಮಾಕೋಲ್ ಪೆಟ್ಟಿಗೆಯನ್ನು ತಬ್ಬಿ ಕೂತಿದ್ದ ಮೋಕ್ಷಾ ಕಿರುಚಿದಳು. ಲತೇಶ್ ಏಸಿಯನ್ನು ಪೂರ್ತಿ ತಿರುಗಿಸಿ, ಮುಂದಿನ ಲ್ಯಾಂಡ್‌ಕ್ರೂಸರಿಗೆ "ಯಲ್ಲಾ, ಯಲ್ಲಾ, ಬೇಗ ನಡಿ ಮಾರಾಯ" ಎಂದು ಗದರಿದ. ಪೆಟ್ಟಿಗೆಯೊಳಗೆ ಜಪಾನಿನ ಸಪ್ಪೊರೊ ನಗರದ ಗಡಿಯಾರ ಗೋಪುರವಿತ್ತು, ಅದೂ ಅಸಲಿ ಹಿಮದ್ದು!

ಶಾಲೆಯ ವಸ್ತುಪ್ರದರ್ಶನಕ್ಕೆ ಒಬ್ಬೊಬ್ಬರಿಗೆ ಒಂದೊಂದು ಊರು. ಮೋಕ್ಷಾಳಿಗೆ ಬಂದದ್ದು ಹಿಮದ ಸಪ್ಪೊರೊ. "ದೋಹಾದ ಬಿಸಿಲಲ್ಲಿ ಹಿಮ ತರ್ತೀಯಾ? ಹತ್ತಿ ಅಂಟಿಸಮ್ಮ, ಸಾಕು" ಎಂದು ಅರುಂಧತಿ ಟೀಚರ್ ಇಡೀ ಕ್ಲಾಸಿನ ಮುಂದೆ ನಕ್ಕಿದ್ದರು. ಅಸಲಿ ಹಿಮವನ್ನೇ ಎಲ್ಲರಿಗೂ ಮುಟ್ಟಿಸಿ ತೀರುತ್ತೇನೆಂದು ಹುಡುಗಿ ಹಟ ಹಿಡಿದಳು. ಅಪ್ಪ ಕೆಲಸ ಮಾಡುವ ಮೀನಿನ ಕೋಲ್ಡ್ ಸ್ಟೋರೇಜಿನ ಗೋಡೆಗೆ ಕಟ್ಟಿದ್ದ ಮಂಜನ್ನು ಬೆಳಗ್ಗೆ ಇಬ್ಬರೂ ಕೆರೆದು, ಒತ್ತಿ, ಗೋಪುರ ಕಟ್ಟಿದ್ದರು.

ಶಾಲೆಯಲ್ಲಿ ಪೆಟ್ಟಿಗೆ ತೆರೆದಾಗ ಗೋಪುರದ ಒಂದು ಮೂಲೆ ಮಾತ್ರ ಕುಸಿದಿತ್ತು. ಮಕ್ಕಳು ಮುತ್ತಿಕೊಂಡರು. ಮೋಕ್ಷಾ ನಿಂತಲ್ಲಿ ನಿಲ್ಲದೆ, ಬರುವ ಭಾಷೆಗಳನ್ನೆಲ್ಲ ಬೆರೆಸಿ ಕೂಗಿದಳು: "ಅಲ್ಲಿ ಪ್ರತಿ ವರ್ಷ ಸ್ನೋ ಫೆಸ್ಟಿವಲ್! ಶುರು ಮಾಡಿದ್ದು ಯಾರು ಗೊತ್ತುಂಟಾ? ಸ್ಕೂಲ್ ಮಕ್ಕಳು! ಪಾರ್ಕಲ್ಲಿ ಆರೇ ಆರು ಸ್ಟ್ಯಾಚು ಮಾಡಿದ್ದು, ನೋಡ್ಲಿಕ್ಕೆ ಊರಿಗೆ ಊರೇ ಬಂತು!"

ಆಗ ಬಂದರು ಅರುಂಧತಿ ಟೀಚರ್. ಮೈಸೂರಿನವರು, ಮೊಟ್ಟೆಯನ್ನೂ ಮುಟ್ಟದವರು. ಬಗ್ಗಿ ನೋಡಿದವರೇ ಮೂಗು ಮುಚ್ಚಿಕೊಂಡರು.

"ಅಯ್ಯಯ್ಯೋ, ಏನಮ್ಮಾ ಇದು ಮೀನಿನ ವಾಸನೆ!"

ಅಪ್ಪ ಮಗಳು ಮುಖ ಮುಖ ನೋಡಿಕೊಂಡರು. ಬಂಗುಡೆ ಇಲ್ಲದೆ ಅನ್ನ ಇಳಿಯದ ಮನೆಯವರು. ಬೆಳಗ್ಗಿನಿಂದ ಇಬ್ಬರ ಮೂಗಿಗೂ ಆ ವಾಸನೆ ಬಡಿದೇ ಇರಲಿಲ್ಲ. ಮಕ್ಕಳು ಹಿಂದೆ ಸರಿದರು. ಖಲಾಸ್, ಹುಡುಗಿ ಈಗ ಅಳುತ್ತಾಳೆ ಅಂದುಕೊಂಡ ಲತೇಶ್.

"ಸಪ್ಪೊರೊದಲ್ಲಿ ಫೇಮಸ್ ಮೀನು ಮಾರ್ಕೆಟ್ ಸಹ ಉಂಟು ಮಿಸ್" ಎಂದಳು ಮೋಕ್ಷಾ. ಪೆಟ್ಟಿಗೆಯನ್ನು ಟೀಚರ್ ಕಡೆಗೆ ತಳ್ಳಿದಳು. "ಟೂರಿಸ್ಟೆಲ್ಲ ಅಲ್ಲಿಗೂ ಹೋಗುದು. ನೀವು ಒಮ್ಮೆ ಮುಟ್ಟಿ. ಪ್ಲೀಸ್."

ಟೀಚರ್ ಅತ್ತಿತ್ತ ನೋಡಿ, ಒಂದೇ ಒಂದು ಬೆರಳು ಚಾಚಿದರು. ಬೆರಳು ಮೆಲ್ಲಗೆ ಇಳಿಯಿತು. ಆಮೇಲೆ ಇನ್ನೊಂದು. ಆಮೇಲೆ ಅಂಗೈ. ಅದನ್ನು ಕಂಡಿದ್ದೇ ತಡ, ಮಕ್ಕಳೆಲ್ಲ ನಾನು ತಾನು ಎಂದು ಮುನ್ನುಗ್ಗಿದರು.

"ಇರ್ರೋ, ನಂದಿನ್ನೂ ಆಗಿಲ್ಲ!" ಎಂದು ಟೀಚರ್ ರೇಗಿದರು. ಒಂದು ಕೈ ಇನ್ನೂ ಮೂಗು ಹಿಡಿದಿತ್ತು. ಇನ್ನೊಂದು ಮಣಿಕಟ್ಟಿನವರೆಗೆ ಹಿಮದೊಳಗಿತ್ತು.