ಸಾಕ್ಷಿಗೆ ಹೊತ್ತಾಯಿತು

"ಸಾಕ್ಷಿ ಹೇಳಿ ಹಿರಿಯರೇ, ನಿಮ್ಮ ಕಾಲಿಗೆ ಬೀಳ್ತೀನಿ."

ಹಾಲಿನ ವ್ಯಾನ್ ಚಾಲಕನ ಹೆಂಡತಿ ನಿಜಕ್ಕೂ ಬಿದ್ದೇಬಿಟ್ಟಳು. ಚರ್ಚ್ ಸಭೆಯ ಹಿರಿಯರು ಕಾಲು ಹಿಂದಕ್ಕೆಳೆದುಕೊಂಡರು. ಅವರ ಬಲಗೈ ಪ್ಲಾಸ್ಟರಿನಲ್ಲಿತ್ತು. ಬಚ್ಚಲಲ್ಲಿ ಜಾರಿಬಿದ್ದು ತಿಂಗಳಾಗುತ್ತ ಬಂದಿತ್ತು. ಆ ಮೂಳೆಯನ್ನು ದೇವರು ಹೇಗೆ ಕೂಡಿಸುತ್ತಿದ್ದಾನೆಂದು ಪ್ರತಿ ಭಾನುವಾರ ಎದ್ದುನಿಂತು ಸಾಕ್ಷಿ ಹೇಳುತ್ತಿದ್ದರು. ಸಾಕ್ಷಿ ಹೇಳುವುದರಲ್ಲಿ ಅವರನ್ನು ಮೀರಿಸುವವರು ಸಭೆಯಲ್ಲೇ ಇರಲಿಲ್ಲ.

"ಹೋದ ಭಾನುವಾರ ಪೇಪರ್ ಮಾರೋ ಅಜ್ಜನಿಗೆ ಯಾವುದೋ ಗಾಡಿ ಗುದ್ದಿ ಓಡಿಹೋಯ್ತು. ನಮ್ಮನೆಯವರು ವ್ಯಾನ್ ನಿಲ್ಲಿಸಿ ಎತ್ಕೊಂಡ್ರು, ಅಷ್ಟೇ. ಅಜ್ಜ ತೀರ್ಕೊಂಡ. ಅಂಗಿ ಮೇಲೆ ರಕ್ತ ನೋಡಿ ಇವರನ್ನೇ ಒಳಗೆ ಹಾಕಿದ್ದಾರೆ. ಅದೇ ಹೊತ್ತಿಗೆ ಅದೇ ದಾರೀಲಿ ನೀವು ಆರಾಧನೆಗೆ ಹೋಗ್ತೀರಿ. ನೋಡೇ ಇರ್ತೀರಿ."

"ಕಾರಲ್ಲಿ ಕೂತ್ರೆ ನಾನು ಕಣ್ಣುಮುಚ್ಚಿ ಪ್ರಾರ್ಥನೆ ಮಾಡೋನಮ್ಮ. ಏನೂ ನೋಡಿಲ್ಲ. ನಿನ್ನ ಗಂಡನಿಗೋಸ್ಕರ ಉಪವಾಸ ಮಾಡ್ತೀನಿ, ಹೋಗಿ ಬಾ."

ಉಪವಾಸವಂತೆ! ಗಂಡನನ್ನು ಹಿಡಿದೊಯ್ದ ದಿನದಿಂದ ಅವಳ ಮನೆಯ ಒಲೆಯೇ ಉರಿದಿರಲಿಲ್ಲ.

ಹಿರಿಯರ ಹೆಂಡತಿ ನೀರು ತಂದಳು. ಬಾಯಿ ಸತ್ತವಳು. ಸಭೆಯಲ್ಲಿ ಒಮ್ಮೆಯೂ ಸಾಕ್ಷಿ ಹೇಳಿದವಳಲ್ಲ. "ಇವಳಿಗೆ ವಿಶ್ವಾಸ ಸಾಲದು" ಎಂದು ಗಂಡನೇ ಎಲ್ಲರೆದುರು ನಗುತ್ತಿದ್ದ. ಲೋಟ ಕೊಡುವಾಗ ಅರ್ಧ ನೀರು ನೆಲದ ಪಾಲಾಯಿತು.

ಚಾಲಕನ ಹೆಂಡತಿ ಗೇಟಿನ ಬಳಿ ತಡೆದು ನಿಂತಳು. ಕಾರಿಗೆ ಟಾರ್ಪಾಲು ಹೊದಿಸಿತ್ತು. ಗಾಳಿಗೆ ಅದರ ಅಂಚು ಎದ್ದಿತು. ಮುಂದಿನ ದೀಪ ಒಡೆದಿತ್ತು, ಬಾನೆಟ್ಟು ನುಗ್ಗಾಗಿತ್ತು. ಹಿರಿಯರು ಕಾಲು ಎಳೆದುಕೊಂಡದ್ದು ಯಾಕೆಂದು ಈಗ ಹೊಳೆಯಿತು. ಕಳ್ಳನ ಮನಸ್ಸು ಹುಳ್ಳುಳ್ಳಗೆ!

ಠಾಣೆಯಲ್ಲಿ ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಂಥ ದೈವಭಕ್ತರ ಮೇಲೆ ಗೂಬೆ ಕೂರಿಸ್ತೀಯಾ ಎಂದು ಗದರಿ ಕಳಿಸಿದರು.

ಭಾನುವಾರ ಬಂತು. "ಇವತ್ತು ಯಾರು ಸಾಕ್ಷಿ ಹೇಳ್ತೀರಿ?" ಎಂದು ಹಿರಿಯರು ಕೇಳುತ್ತಿದ್ದಂತೆ ಅವಳು ಒಳಗೆ ನುಗ್ಗಿದಳು.

"ನಾನು ಹೇಳ್ತೀನಿ! ಅಜ್ಜನಿಗೆ ಗುದ್ದಿದ್ದು ಇವರ ಕಾರು. ಟಾರ್ಪಾಲು ತೆಗೆದು ನೋಡಿ. ಗುದ್ದಿ ಓಡಿಸ್ಕೊಂಡು ಹೋದದ್ದು ಇವರೇ!"

ಹಿರಿಯರು ನಿಧಾನವಾಗಿ ಪ್ಲಾಸ್ಟರಿನ ಕೈ ಎತ್ತಿದರು.

"ಈ ಕೈಯಲ್ಲಿ ಸ್ಟೀರಿಂಗ್ ಹಿಡಿಯೋಕಾಗುತ್ತಾ? ನೀವೇ ಹೇಳಿ. ಕಾರು ಗೇಟಿಗೆ ತಾಗಿದ್ದು. ಪಾಪ, ಸಂಕಟಕ್ಕೆ ಇವಳ ಬುದ್ಧಿ ಕೆಟ್ಟಿದೆ. ಇವಳಿಗಾಗಿ ಪ್ರಾರ್ಥಿಸೋಣ."

ಎಲ್ಲರೂ ತಲೆ ಬಾಗಿಸಿದರು. ಅವಳು ನೆಲಕ್ಕೆ ಕುಸಿದಳು. ಹೌದಲ್ಲ, ಆ ಕೈ! ಇದ್ದ ಒಂದೇ ದಾರಿಯೂ ಮುಚ್ಚಿತು. ಗಂಡ ಇನ್ನು ಹೊರಗೆ ಬಂದಂತೆಯೇ. ಅವಳಿಗೆ ಅಳುವುದಕ್ಕೂ ತ್ರಾಣವಿರಲಿಲ್ಲ.

ಹೆಂಗಸರ ಸಾಲಿನಲ್ಲಿ ಬೆಂಚು ಕಿರುಗುಟ್ಟಿತು. ಬಾಯಿ ಸತ್ತವಳು ಎದ್ದು ನಿಂತಿದ್ದಳು.

"ನಿಲ್ಲಿಸ್ಬೇಡ, ಸಾಕ್ಷಿಗೆ ಹೊತ್ತಾಗುತ್ತೆ ಅಂದದ್ದು ಅವರು. ಕಾರು ಓಡಿಸಿದ್ದು ನಾನು."